ಇಟಲಿಯ ಹಳೇ ರೇಸ್ ಕಾರುಗಳ ಗುರುತು ಪತ್ತೆ: ಪರೀಕ್ಷೆಗೆ ಮುಖ್ಯಾಂಶಗಳು

ಮೋಟಾರು ವಾಹನ ನಿರೀಕ್ಷಕರ ಹುದ್ದೆಗೆ, ಅಂದರೆ ನಮ್ಮ ಕಡೆಯವರು ಈಗಲೂ ಬ್ರೇಕ್ ಇನ್‌ಸ್ಪೆಕ್ಟರ್ ಅನ್ನುವ ಹುದ್ದೆಗೆ, ಕಲಘಟಗಿ, ಕುಂದಗೋಳ, ನವಲಗುಂದ ಕಡೆಯಿಂದ ಧಾರವಾಡಕ್ಕೆ ಬಂದು ಓದುವವರಿಗಾಗಿ ಈ ಟಿಪ್ಪಣಿ. ಇಟಲಿಯ ರೇಸ್ ಕಾರಿಗೂ ನಮಗೂ ಏನು ಸಂಬಂಧ ಎಂದು ಕೇಳುವವರು ಇರುತ್ತಾರೆ. ‘ಈ ಗಾಡಿ, ಈ ಕಾಗದದಲ್ಲಿ ಬರೆದಿರುವ ಗಾಡಿಯೇ ಹೌದೇ?’ ಎಂಬ ಪ್ರಶ್ನೆ ಆರ್‌ಟಿಒ ಅಂಗಳದಲ್ಲಿ ದಿನಬೆಳಗಾದರೆ ಏಳುತ್ತದೆ. ಆ ಪ್ರಶ್ನೆಯನ್ನು ಜಗತ್ತಿನಲ್ಲಿ ಅತ್ಯಂತ ಸೂಕ್ಷ್ಮವಾಗಿ ವಿಚಾರಿಸಿದ್ದು ಈ ಕಾರುಗಳ ವಿಷಯದಲ್ಲಿಯೇ. ಇಲ್ಲಿ ಕಲಿತದ್ದು ಹಳೇ ಫಿಯಟ್‌ಗೂ ಬರುತ್ತದೆ, ಕಳುವಾದ ಬೈಕಿಗೂ ಬರುತ್ತದೆ.

ಮೂಲ ತತ್ವ

ನಂಬರ್ ಒಂದೇ ಗುರುತಲ್ಲ. ಬಾಡಿ ಒಂದೇ ಗುರುತಲ್ಲ. ಎಂಜಿನ್ ಕೂಡ ಅಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ಇಂದಿನವರೆಗೆ ಎಲ್ಲೂ ಕಡಿಯದೆ ಬಂದ ಇತಿಹಾಸದ ಸರಪಳಿಯೇ ಗುರುತು. ನಂಬರ್, ಕಾಗದ, ಫೋಟೊ, ಲೋಹದ ಮೇಲಿನ ಗುರುತು ಇವೆಲ್ಲ ಆ ಸರಪಳಿಯ ಕೊಂಡಿಗಳು. ಒಂದು ಕೊಂಡಿ ಸುಳ್ಳಾದರೂ ಉಳಿದವು ಅದನ್ನು ಹಿಡಿದುಕೊಡುತ್ತವೆ. ವಿವರಣಾತ್ಮಕ ಪ್ರಶ್ನೆ ಬಂದರೆ ಉತ್ತರವನ್ನು ಇದರಿಂದಲೇ ಶುರು ಮಾಡಿ.

ರೇಸ್ ಕಾರುಗಳಲ್ಲಿ ಇದು ಯಾಕೆ ಕಷ್ಟ? ರೇಸ್ ಕಾರು ಗೆಲ್ಲಲಿಕ್ಕೆ ಕಟ್ಟಿದ್ದು, ಜೋಪಾನ ಮಾಡಲಿಕ್ಕೆ ಅಲ್ಲ. ಒಂದು ರೇಸಿನಲ್ಲಿ ಎಂಜಿನ್ ಒಡೆದರೆ ಮುಂದಿನ ವಾರ ಬೇರೆ ಎಂಜಿನ್. ಅಪಘಾತವಾದರೆ ಹೊಸ ಚಾಸಿಸ್, ಅದಕ್ಕೆ ಹಳೇ ಪ್ಲೇಟ್. ರೇಸಿಗಾಗಿ ದೇಶದ ಗಡಿ ದಾಟುವಾಗ ಸುಂಕದ ಕಾಗದದಲ್ಲಿರುವ ನಂಬರ್ ಮತ್ತು ಕಾರಿನ ನಂಬರ್ ತಾಳೆಯಾಗಬೇಕಿತ್ತು. ಆದ್ದರಿಂದ ಕಾರ್ಖಾನೆಯ ತಂಡಗಳೇ ಒಂದು ಕಾರಿನ ಪ್ಲೇಟನ್ನು ಇನ್ನೊಂದಕ್ಕೆ ಹಚ್ಚಿ ಕಳಿಸಿದ್ದುಂಟು. ಅಂದಿನ ಅನುಕೂಲಕ್ಕೆ ಮಾಡಿದ್ದು ಇಂದಿನ ಸಂಶೋಧಕರಿಗೆ ದೊಡ್ಡ ಗಂಟಾಗಿದೆ.

ಇನ್ನೊಂದು ಕಾರಣ, ಚಾಸಿಸ್ ಒಬ್ಬರದು, ಬಾಡಿ ಇನ್ನೊಬ್ಬರದು. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2006ರಲ್ಲಿ ಬ್ರೆಜಿಲ್‌ನ ಕಂಪನಿಯ ಜೊತೆ ಕೂಡಿ ಟಾಟಾ ಮಾರ್ಕೊಪೋಲೊ ಎಂಬ ಹೆಸರಿನಲ್ಲಿ ಶುರುವಾದ ಟಾಟಾ ಕಾರ್ಖಾನೆ ನಮ್ಮ ಧಾರವಾಡದಲ್ಲಿ ಚಾಸಿಸ್ ಮೇಲೆ ಬಸ್ಸಿನ ಬಾಡಿ ಕಟ್ಟುತ್ತದೆ. ಇಟಲಿಯಲ್ಲಿ ಆಲ್ಫಾ ರೋಮಿಯೊ, ಫೆರಾರಿ ಕಂಪನಿಗಳು ಚಾಸಿಸ್, ಎಂಜಿನ್ ಮಾಡಿದರೆ, ಬಾಡಿ ಕಟ್ಟುತ್ತಿದ್ದವರು ಬೇರೆ. ನೆನಪಿಡಬೇಕಾದ ಬಾಡಿ ಕಟ್ಟುವ ಮನೆಗಳು: ಜಗಾಟೊ (1919), ಟೂರಿಂಗ್ (1926, ಮಿಲಾನ್), ಪಿನಿನ್‌ಫರೀನಾ (1930), ಸ್ಕಾಲಿಯೆಟ್ಟಿ (1951, ಮೊಡೆನಾ). ಇವರು ತಮ್ಮ ಬಾಡಿಗೆ ತಮ್ಮದೇ ನಂಬರ್ ಹಾಕುತ್ತಿದ್ದರು. ಬಾನೆಟ್, ಬಾಗಿಲು, ನೆಲದ ತಗಡು ಇವುಗಳ ಒಳಮೈಯಲ್ಲಿ ಸಿಗುವ ಆ ಚಿಕ್ಕ ನಂಬರ್ ಎಷ್ಟೋ ಸಲ ಮುಖ್ಯ ಪ್ಲೇಟಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಮೋಸ ಮಾಡುವವರು ಪ್ಲೇಟ್ ಬದಲಿಸುತ್ತಾರೆ, ಬಾಗಿಲ ಒಳಗಿನದನ್ನು ಮರೆಯುತ್ತಾರೆ.

ಪೆನ್ಸಿಲ್ ಪ್ರಿಂಟಿನಿಂದ ಆಸಿಡ್‌ವರೆಗೆ

ಹೊಸ ಗಾಡಿಯ ನೋಂದಣಿಗೆ ಸಲ್ಲಿಸುವ ನಮೂನೆ 20ರಲ್ಲಿ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್‌ಗೆ ಜಾಗವಿದೆ. ಲೋಹದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಮಾಡಿ ತಿಕ್ಕಿದರೆ ಅಂಕಿಗಳು ಬಿಳಿಯಾಗಿ ಮೂಡುತ್ತವೆ. ಹಳೇ ಫೆರಾರಿ, ಮಸೆರಾಟಿಗಳ ಸಂಶೋಧಕರು ಮೊದಲು ಮಾಡುವ ಕೆಲಸವೂ ಇದೇ. ಕೈಯಲ್ಲಿ ಪಂಚ್ ಹಿಡಿದು ಒಂದೊಂದೇ ಅಂಕಿ ಹೊಡೆದ ಕಾಲವಾದ್ದರಿಂದ ಪ್ರತಿ ಅಂಕಿಯಲ್ಲೂ ವ್ಯತ್ಯಾಸವಿರುತ್ತದೆ. 3ರ ತಲೆ ಚಪ್ಪಟೆಯೋ ದುಂಡೋ, 4ರ ಬಾಯಿ ತೆರೆದಿದೆಯೋ ಮುಚ್ಚಿದೆಯೋ, ಸಾಲು ಎತ್ತ ಬಾಗಿದೆ, ಯಾವ ಅಂಕಿ ಆಳಕ್ಕೆ ಇಳಿದಿದೆ. ಅದೇ ವರ್ಷ ಅದೇ ಕಾರ್ಖಾನೆಯಿಂದ ಬಂದ ಇನ್ನೊಂದು ಕಾರಿನ ಪ್ರಿಂಟ್ ಪಕ್ಕದಲ್ಲಿಟ್ಟು ನೋಡಿದರೆ ಒಂದೇ ಪಂಚ್ ಸೆಟ್ಟೋ ಅಲ್ಲವೋ ಗೊತ್ತಾಗುತ್ತದೆ.

ನಂಬರನ್ನು ಅರದಿಂದ ಉಜ್ಜಿ ಅಳಿಸಿದ್ದರೆ? ಇಲ್ಲಿ ವಿಜ್ಞಾನದ ಪ್ರಶ್ನೆ ಖಂಡಿತ ಕೇಳಬಹುದು. ಪಂಚ್ ಹೊಡೆದಾಗ ಲೋಹ ಮೇಲ್ಮೈಯಲ್ಲಿ ಮಾತ್ರ ತಗ್ಗುವುದಿಲ್ಲ. ಅದರ ಕೆಳಗಿನ ಹರಳುಗಳೂ ಒತ್ತಿಹೋಗಿ ರೂಪ ಬದಲಿಸುತ್ತವೆ. ಮೇಲಿನ ಪದರ ಉಜ್ಜಿದರೂ ಆ ಒತ್ತಡ ಒಳಗೆ ಉಳಿದಿರುತ್ತದೆ. ನುಣುಪು ಮಾಡಿ ತಕ್ಕ ರಾಸಾಯನಿಕ ಹಚ್ಚಿದರೆ ಒತ್ತಡವಿದ್ದ ಜಾಗ ಬೇರೆ ವೇಗದಲ್ಲಿ ಕರಗಿ ಹಳೇ ಅಂಕಿ ಕಾಣುತ್ತದೆ. ಉಕ್ಕಿಗೆ ಬಳಸುವ ದ್ರಾವಣದ ಹೆಸರು ಫ್ರೈ ರೀಏಜೆಂಟ್. ಉಕ್ಕು, ಕಬ್ಬಿಣಗಳಲ್ಲಿ ಆಯಸ್ಕಾಂತೀಯ ಕಣಗಳ ವಿಧಾನವೂ ಇದೆ. ಅಲ್ಯೂಮಿನಿಯಂಗೆ ಆಯಸ್ಕಾಂತದ ವಿಧಾನ ನಡೆಯದು.

ಇಂದಿನ ಗಾಡಿಗಳಿಗೆ 17 ಅಕ್ಷರ–ಅಂಕಿಗಳ ವಿಐಎನ್ ಇರುತ್ತದೆ (ಐಎಸ್‌ಒ 3779). ಅದರಲ್ಲಿ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ, 1 ಮತ್ತು 0 ಜೊತೆ ಗೊಂದಲವಾಗುತ್ತದೆಂದು. ಇಟಲಿಯ ಗಾಡಿಗಳದು ಜಡ್‌ನಿಂದ ಶುರು: ಜಡ್‌ಎಫ್‌ಎಫ್ ಫೆರಾರಿ, ಜಡ್‌ಎಆರ್ ಆಲ್ಫಾ ರೋಮಿಯೊ, ಜಡ್‌ಎಎಂ ಮಸೆರಾಟಿ, ಜಡ್‌ಎಫ್‌ಎ ಫಿಯಟ್. ಭಾರತದ್ದು ಎಂಎ ಇಂದ ಎಂಇ ವರೆಗೆ. ಎಂಎಟಿ ಅಂದರೆ ಟಾಟಾ ಮೋಟಾರ್ಸ್. ಹಳೇ ರೇಸ್ ಕಾರುಗಳಿಗೆ ಈ ವ್ಯವಸ್ಥೆ ಇರಲಿಲ್ಲ, ಎಷ್ಟೋ ಕಾರುಗಳಿಗೆ ಮೂರ್ನಾಲ್ಕು ಅಂಕಿಗಳೇ ಎಲ್ಲ. ಅದಕ್ಕೇ ನಕಲು ಸುಲಭ.

ಹೆಸರಿನೊಳಗಿನ ಲೆಕ್ಕ

ಇಟಲಿಯ ಕಾರುಗಳ ಹೆಸರಿನಲ್ಲೇ ಎಂಜಿನ್ ಅಡಗಿರುತ್ತದೆ. ಒಂದಂಕದ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

– ಆಲ್ಫಾ ರೋಮಿಯೊ 8ಸಿ 2300: 8 ಸಿಲಿಂಡರ್, ಸುಮಾರು 2300 ಸಿಸಿ.
– ಆಲ್ಫಾ ರೋಮಿಯೊ 158: 1.5 ಲೀಟರ್, 8 ಸಿಲಿಂಡರ್. 1950ರಲ್ಲಿ ಮೊದಲ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಜುಸೆಪ್ಪೆ ಫರೀನಾ ಓಡಿಸಿದ್ದು ಇದನ್ನು.
– ಫೆರಾರಿ 250: ಇದು ಒಂದು ಸಿಲಿಂಡರಿನ ಸಿಸಿ. 12 ಸಿಲಿಂಡರ್ ಇರುವುದರಿಂದ 250 × 12 = ಸುಮಾರು 3000. ಹಾಗೆಯೇ 125 ಅಂದರೆ 1500, 166 ಅಂದರೆ ಸುಮಾರು 2000.
– ಫೆರಾರಿ ಡೀನೊ 246: ಇಲ್ಲಿ ಸೂತ್ರ ಬದಲು. 2.4 ಲೀಟರ್, 6 ಸಿಲಿಂಡರ್. ಮೇಲಿನ ಲೆಕ್ಕ ಹಾಕಿದವರು ಇಲ್ಲಿ ತಪ್ಪುತ್ತಾರೆ.
– ಮಸೆರಾಟಿ ಟೀಪೊ 26: 1926ರ ಇಸವಿ. ಮಸೆರಾಟಿ ಹೆಸರಿನ ಮೊದಲ ಕಾರು.
– ಮಸೆರಾಟಿ 250ಎಫ್: 2.5 ಲೀಟರ್, ಎಫ್ ಅಂದರೆ ಫಾರ್ಮುಲಾ.

ಚಾಸಿಸ್ ನಂಬರಿನಲ್ಲಿಯೂ ಫೆರಾರಿಗೆ ಒಂದು ರೂಢಿ ಇತ್ತು: ಸಮಸಂಖ್ಯೆ ರೇಸಿನ ಕಾರಿಗೆ, ಬೆಸಸಂಖ್ಯೆ ರಸ್ತೆಯ ಕಾರಿಗೆ. ಹೀಗಿದ್ದೂ ರೇಸಿಗಾಗಿಯೇ ಕಟ್ಟಿದ 250 ಜಿಟಿಒಗಳ ನಂಬರ್ ಬೆಸ, ಏಕೆಂದರೆ ನಿಯಮದ ಪ್ರಕಾರ ಅದು ರಸ್ತೆಯ ಜಿಟಿ ಕಾರು. 1962ರಿಂದ 1964ರವರೆಗೆ ಕಟ್ಟಿದ 3 ಲೀಟರಿನ ಜಿಟಿಒಗಳು 36. ಇವುಗಳಲ್ಲಿ 3413 ನಂಬರಿನದು 2018ರ ಹರಾಜಿನಲ್ಲಿ 4.84 ಕೋಟಿ ಡಾಲರ್‌ಗೆ ಹೋಯಿತು. 2019ರಲ್ಲಿ ಬೊಲೊನ್ಯಾದ ನ್ಯಾಯಾಲಯ 250 ಜಿಟಿಒ ಒಂದು ಕಲಾಕೃತಿ ಎಂದು ಮನ್ನಿಸಿ, ಅದರ ನಕಲು ಮಾಡದಂತೆ ತಡೆಯಿತು. ಬೌದ್ಧಿಕ ಆಸ್ತಿ ಹಕ್ಕಿನ ಪ್ರಶ್ನೆಗೆ ಒಳ್ಳೆಯ ಉದಾಹರಣೆ ಇದು.

ನಮ್ಮೂರ ಫಿಯಟ್ ಮತ್ತು ಫೆರಾರಿಯ ಮೊದಲ ಕಾರು

ಈ ಟಿಪ್ಪಣಿಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು. ಹುಬ್ಬಳ್ಳಿಯಿಂದ ಕಲಘಟಗಿ ಮೇಲೆ ಯಲ್ಲಾಪುರ, ಅಂಕೋಲೆಗೆ ಹೋಗುವ ರಸ್ತೆಯಲ್ಲಿ ದಶಕಗಳ ಕಾಲ ಓಡಿದ ಫಿಯಟ್, ಆಮೇಲೆ ಪ್ರೀಮಿಯರ್ ಪದ್ಮಿನಿ ಆದ ಅದೇ ಕಾರು, 1089 ಸಿಸಿಯದು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬೈಯ ಕುರ್ಲಾದಲ್ಲಿ ಫಿಯಟ್ 1100 ಕಾರನ್ನು 1954ರಿಂದ ತಯಾರಿಸಿತು. ಆ 1089 ಸಿಸಿ ಎಂಜಿನ್ನಿನ ಮೂಲ ಇಟಲಿಯಲ್ಲಿ 1937ರಲ್ಲಿ ಬಂದ ಫಿಯಟ್ 508 ಸಿ. ಫೆರಾರಿಯ ಮೊದಲ ಕಾರಿನ ಬೇರೂ ಅದರಲ್ಲೇ ಇದೆ.

ಎಂಜೊ ಫೆರಾರಿ 1929ರಲ್ಲಿ ಮೊಡೆನಾದಲ್ಲಿ ಸ್ಕುಡೇರಿಯಾ ಫೆರಾರಿ ಎಂಬ ರೇಸ್ ತಂಡ ಕಟ್ಟಿ ಆಲ್ಫಾ ರೋಮಿಯೊ ಕಾರುಗಳನ್ನು ಓಡಿಸುತ್ತಿದ್ದವರು. 1939ರಲ್ಲಿ ಆಲ್ಫಾ ಬಿಟ್ಟರು. ನಾಲ್ಕು ವರ್ಷ ತಮ್ಮ ಹೆಸರನ್ನು ರೇಸಿಗೆ ಬಳಸುವಂತಿಲ್ಲ ಎಂಬ ಕರಾರು ಇತ್ತು. ಹಾಗಾಗಿ ‘ಆಟೊ ಆವಿಯೊ ಕೊಸ್ತ್ರುತ್ಸಿಯೋನಿ’ ಎಂಬ ಹೆಸರಿನಲ್ಲಿ 1940ರಲ್ಲಿ ಎರಡು ಕಾರು ಕಟ್ಟಿದರು. ಅದೇ 815: 8 ಸಿಲಿಂಡರ್, 1.5 ಲೀಟರ್. ಚಾಸಿಸ್ ಫಿಯಟ್ 508 ಸಿಯದು. ಎಂಜಿನ್ನಿಗೂ ಅದೇ ಫಿಯಟ್‌ನ ನಾಲ್ಕು ಸಿಲಿಂಡರಿನ ಹೆಡ್‌ಗಳನ್ನು ಎರಡು ಜೋಡಿಸಿದ್ದು. ಬಾಡಿ ಟೂರಿಂಗ್‌ನದು. ಆಲ್ಬರ್ಟೊ ಮಸ್ಸಿಮಿನೊ ವಿನ್ಯಾಸಕಾರರಲ್ಲಿ ಮುಖ್ಯರು.

28 ಏಪ್ರಿಲ್ 1940ರಂದು ಬ್ರೆಶಾದಲ್ಲಿ ನಡೆದ ರೇಸಿನಲ್ಲಿ ಒಂದನ್ನು ಆಲ್ಬರ್ಟೊ ಅಸ್ಕಾರಿ, ಇನ್ನೊಂದನ್ನು ಲೊತಾರಿಯೊ ರಂಗೋನಿ ಓಡಿಸಿದರು. ಎರಡೂ ಕೆಟ್ಟು ನಿಂತವು. ಅಸ್ಕಾರಿ ಮುಂದೆ 1952, 1953ರಲ್ಲಿ ವಿಶ್ವ ಚಾಂಪಿಯನ್ ಆದರು. ಕಾರುಗಳ ಪೈಕಿ ರಂಗೋನಿಯದು ಗುಜರಿಗೆ ಹೋಯಿತು. ಉಳಿದದ್ದು ಅಸ್ಕಾರಿಯ 020 ನಂಬರಿನದು. ಎರಡೇ ಕಾರು ಇದ್ದಾಗಲೂ ‘ಉಳಿದದ್ದು ಯಾವುದು?’ ಎಂದು ಖಚಿತಪಡಿಸಲು ಅಂದಿನ ರೇಸಿನ ಫೋಟೊಗಳಲ್ಲಿ ಎರಡರ ಬಾಡಿಗಿದ್ದ ಚಿಕ್ಕ ಚಿಕ್ಕ ವ್ಯತ್ಯಾಸಗಳನ್ನು ನೋಡಬೇಕು, ಮಾಲೀಕರ ಸಾಲನ್ನು ತಾಳೆ ಹಾಕಬೇಕು. ಮೇಲೆ ಹೇಳಿದ 36 ಜಿಟಿಒಗಳ ಗುಂಪಿನಲ್ಲಿ ಈ ಕೆಲಸ ಎಷ್ಟು ಬೆಳೆಯುತ್ತದೆ ಎಂದು ಊಹಿಸಿ.

ಫೆರಾರಿ ಹೆಸರನ್ನೇ ಹೊತ್ತ ಮೊದಲ ಕಾರು 1947ರ 125 ಎಸ್. 11 ಮೇ 1947ರಂದು ಪಿಯಚೆಂಜಾದಲ್ಲಿ ಮೊದಲ ರೇಸ್, 25 ಮೇ ರೋಮ್‌ನಲ್ಲಿ ಮೊದಲ ಗೆಲುವು, ಚಾಲಕ ಫ್ರಾಂಕೊ ಕೊರ್ತೆಸೆ. ಆಗಿನ ಎರಡು ಕಾರುಗಳು ಮುಂದಿನ ಮಾದರಿಗಳಲ್ಲಿ ಕರಗಿಹೋದವು. ಈಗ ಪ್ರದರ್ಶನಕ್ಕೆ ಕಾಣುವ 125 ಎಸ್ ಕಾರ್ಖಾನೆಯೇ ನಂತರ ಕಟ್ಟಿದ ಮರುಸೃಷ್ಟಿ.

ರೇಸುಗಳು, ಮತ್ತು ಫೋಟೊ ಓದುವ ಕ್ರಮ

ಮಿಲ್ಲೆ ಮಿಲಿಯಾ: 1927ರಿಂದ 1957, ಒಟ್ಟು 24 ಸಲ. ಬ್ರೆಶಾದಿಂದ ರೋಮ್‌ಗೆ ಹೋಗಿ ಮರಳಿ ಬ್ರೆಶಾ, ಸುಮಾರು 1600 ಕಿ.ಮೀ., ಸಾರ್ವಜನಿಕ ರಸ್ತೆಗಳಲ್ಲೇ. 12 ಮೇ 1957ರಂದು ಗುಯಿದಿದ್ಜೊಲೊ ಹಳ್ಳಿಯ ಬಳಿ ಅಲ್ಫೊನ್ಸೊ ದೆ ಪೊರ್ತಾಗೊ ಅವರ ಫೆರಾರಿ ಜನರ ಮೇಲೆ ನುಗ್ಗಿತು. ಇಬ್ಬರು ಸವಾರರು, 9 ಮಂದಿ ನೋಡುಗರು ಸತ್ತರು. ಅವರಲ್ಲಿ 5 ಮಕ್ಕಳು. ಆ ರೇಸ್ ಅಲ್ಲಿಗೆ ಮುಗಿಯಿತು. 1977ರಿಂದ ಅದೇ ಹೆಸರಿನಲ್ಲಿ ಹಳೇ ಕಾರುಗಳ ರ‍್ಯಾಲಿ ನಡೆಯುತ್ತಿದೆ. 1927–57ರಲ್ಲಿ ಓಡಿದ ಮಾದರಿಗಳಿಗೆ ಮಾತ್ರ ಪ್ರವೇಶ. ಮಾಲೀಕರು ತಮ್ಮ ಕಾರಿನ ಇತಿಹಾಸ ಹುಡುಕಲು ಇದೊಂದು ದೊಡ್ಡ ಪ್ರೇರಣೆ.

ಈ ರೇಸಿನ ಫೋಟೊ ಓದುವುದಕ್ಕೆ ಒಂದು ಕೀಲಿಕೈ ಇದೆ. 1950ರ ದಶಕದಲ್ಲಿ ಕಾರಿನ ಮೇಲಿನ ನಂಬರ್ ಅಂದರೆ ಅದು ಹೊರಟ ಸಮಯ. ಪೊರ್ತಾಗೊ ಅವರ ಕಾರು 531, ಬೆಳಗಿನ 5 ಗಂಟೆ 31 ನಿಮಿಷಕ್ಕೆ ಹೊರಟದ್ದು. ಅದೇ ರೇಸ್ ಗೆದ್ದ ಪಿಯೆರೊ ತರುಫ್ಫಿ ಅವರದು 535. ಯಾವ ಊರಿನದೆಂದು ಗೊತ್ತಿಲ್ಲದ ಫೋಟೊದಲ್ಲಿ ನಂಬರ್ ಕಂಡರೆ ಆ ವರ್ಷದ ಪಟ್ಟಿ ತೆಗೆದು ಚಾಲಕ, ಕಾರು, ಹೊರಟ ಗಳಿಗೆ ಎಲ್ಲ ಹೇಳಬಹುದು. ಆಮೇಲೆ ದೀಪದ ಜಾಗ, ಬಾನೆಟ್ಟಿನ ಗಾಳಿಕಿಂಡಿ, ರಿವೆಟ್‌ಗಳ ಸಾಲು ನೋಡಿ ಇಂದಿನ ಕಾರಿನ ಜೊತೆ ಹೋಲಿಸುವುದು. ಬಣ್ಣ ನಂಬಬೇಡಿ. ಇಟಲಿಗೆ ಕೆಂಪು, ಬ್ರಿಟನ್ನಿಗೆ ಹಸಿರು, ಫ್ರಾನ್ಸಿಗೆ ನೀಲಿ ಎಂದು ದೇಶಕ್ಕೊಂದು ಬಣ್ಣವಿತ್ತು. ಮಾಲೀಕ ಬದಲಾದರೆ ಬಣ್ಣವೂ ಬದಲು.

ಟಾರ್ಗಾ ಫ್ಲೋರಿಯೊ: ಸಿಸಿಲಿ ದ್ವೀಪ, 1906ರಲ್ಲಿ ವಿನ್ಚೆಂತ್ಸೊ ಫ್ಲೋರಿಯೊ ಶುರು ಮಾಡಿದ್ದು. ಮೊನ್ಜಾ ರೇಸ್ ಟ್ರ್ಯಾಕ್: 1922. ಫ್ರಾನ್ಸಿನ ಲೆ ಮಾನ್ ರೇಸಿನಲ್ಲಿ ಆಲ್ಫಾ ರೋಮಿಯೊ 8ಸಿ 2300 ಸತತ ನಾಲ್ಕು ವರ್ಷ ಗೆದ್ದಿತು, 1931ರಿಂದ 1934. ಈ 8ಸಿ ಕಾರುಗಳಲ್ಲಿ ಉದ್ದ ಚಾಸಿಸ್ ಕತ್ತರಿಸಿ ಗಿಡ್ಡ ಮಾಡಿದವು, ಬಾಡಿ ಬದಲಿಸಿದವು ಬಹಳ. ಅವುಗಳನ್ನು ಒಂದೊಂದಾಗಿ ಬೆನ್ನತ್ತಿ ಸೈಮನ್ ಮೂರ್ ಮೂರು ಸಂಪುಟ ಬರೆದಿದ್ದಾರೆ. ಒಂದು ಮಾದರಿಗೆ ಮೂರು ಸಂಪುಟ ಹಿಡಿಯಿತು ಎಂಬುದೇ ಈ ಕೆಲಸದ ಆಳ ಹೇಳುತ್ತದೆ.

ಕಾಗದ ಎಲ್ಲಿ ಸಿಗುತ್ತದೆ

ಇಟಲಿಯ ದೊಡ್ಡ ಆಸ್ತಿ ಪಿಆರ್‌ಎ, ಅಂದರೆ ಸಾರ್ವಜನಿಕ ವಾಹನ ನೋಂದಣಿ ದಫ್ತರ, ಸ್ಥಾಪನೆ 1927. ನಡೆಸುವುದು ಇಟಲಿಯ ಆಟೊಮೊಬೈಲ್ ಕ್ಲಬ್. ಒಂದು ಗಾಡಿಯ ಮಾಲೀಕರ ಪೂರ್ತಿ ಸಾಲು ಅಲ್ಲಿ ಸಿಗುತ್ತದೆ, ನಮ್ಮ ಹೊಲದ ಪಹಣಿ, ಮ್ಯುಟೇಶನ್ ಇದ್ದ ಹಾಗೆ. ಹಳೇ ನಂಬರ್ ಪ್ಲೇಟಿನಲ್ಲಿ ಜಿಲ್ಲೆಯ ಅಕ್ಷರ ಇರುತ್ತಿತ್ತು: ಎಂಐ ಮಿಲಾನ್, ಎಂಒ ಮೊಡೆನಾ, ಬಿಒ ಬೊಲೊನ್ಯಾ, ಬಿಎಸ್ ಬ್ರೆಶಾ. ಫೋಟೊದಲ್ಲಿ ಪ್ಲೇಟ್ ಕಂಡರೆ ಯಾವ ಜಿಲ್ಲೆಯ ದಾಖಲೆ ತೆಗೆಯಬೇಕು ಎಂಬುದು ಅಲ್ಲೇ ತಿಳಿಯುತ್ತದೆ. ಇದರ ಜೊತೆಗೆ ಮಿಲಾನ್ ಬಳಿಯ ಅರೇಸೆಯಲ್ಲಿರುವ ಆಲ್ಫಾ ರೋಮಿಯೊ ಮ್ಯೂಸಿಯಂನ ದಾಖಲೆಗಳು, ಹಳೇ ಕಾರು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಫೆರಾರಿ ಕ್ಲಾಸಿಕೆ ವಿಭಾಗ, ಇಟಲಿಯ ಹಳೇ ವಾಹನಗಳ ಸಂಘ ಎಎಸ್‌ಐ (1966).

ಜಾಗತಿಕ ಸಂಸ್ಥೆ ಎಫ್‌ಐವಿಎ, ಅದೂ 1966. ಅದರ ಪ್ರಕಾರ 30 ವರ್ಷ ದಾಟಿದ್ದು ಐತಿಹಾಸಿಕ ವಾಹನ, 1919–1930ರದು ವಿಂಟೇಜ್. 2012ರಲ್ಲಿ ಅದು ಅಂಗೀಕರಿಸಿದ ಟ್ಯೂರಿನ್ ಸನ್ನದು ಹಳೇ ವಾಹನಗಳನ್ನು ಹೇಗೆ ಕಾಪಾಡಬೇಕು, ಬದಲಾವಣೆ ಮಾಡಿದರೆ ಹೇಗೆ ದಾಖಲಿಸಬೇಕು ಎಂದು ಹೇಳುತ್ತದೆ.

ವಿವಾದಗಳು

ಬೆಂಟ್ಲಿ ‘ಓಲ್ಡ್ ನಂಬರ್ ಒನ್’ (1990, ಇಂಗ್ಲೆಂಡ್): ಕಾರು ಬ್ರಿಟನ್ನಿನದಾದರೂ ತೀರ್ಪು ಎಲ್ಲರಿಗೂ ಆಧಾರ. 1929, 1930ರಲ್ಲಿ ಲೆ ಮಾನ್ ಗೆದ್ದ ಕಾರು ಎಂದು ಮಾರಿದರು. ಕೊಂಡವರು, ಅದರಲ್ಲಿ ಆಗಿನ ಭಾಗಗಳೇ ಉಳಿದಿಲ್ಲ ಎಂದರು. ನ್ಯಾಯಮೂರ್ತಿ ಆಟನ್ ಹೇಳಿದ್ದು ಹೀಗೆ: ಭಾಗಗಳು ಹಂತಹಂತವಾಗಿ ಬದಲಾದರೂ ಕಾರಿನ ಇತಿಹಾಸ ಎಲ್ಲೂ ಮುರಿದಿಲ್ಲ, ಆ ಹೆಸರಿಗೆ ಬೇರೆ ಕಾರು ಹಕ್ಕು ಹೇಳಿಲ್ಲ, ಆದ್ದರಿಂದ ಇದೇ ಅದು. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ತೀರ್ಪು.

ಫೆರಾರಿ 0846: 1967ರ ಡೇಟೋನಾ 24 ಗಂಟೆ ರೇಸ್ ಗೆದ್ದದ್ದು. ಅದೇ ವರ್ಷ ಲೆ ಮಾನ್‌ನಲ್ಲಿ ಬೆಂಕಿ ಹತ್ತಿತು. ಮೂಲ ಚಾಸಿಸ್‌ನ ಭಾಗಗಳು ತನ್ನ ಕಾರಿನಲ್ಲಿವೆ ಎಂದು ಅಮೆರಿಕದ ಸಂಗ್ರಾಹಕರೊಬ್ಬರ ವಾದ. ಆ ಕಾರು ಗುಜರಿಯಾಯಿತು ಎಂದು ಕಾರ್ಖಾನೆ. ಇಲ್ಲಿ ಸರಪಳಿ ಕಡಿದದ್ದೇ ಸಮಸ್ಯೆ.

ಫೆರಾರಿ 375 ಪ್ಲಸ್, 0384: ಅಮೆರಿಕದ ಓಹಾಯೊದಲ್ಲಿ ಕಳವಾಗಿ, ಕಾರು ಒಬ್ಬರ ಬಳಿ, ಕೆಲವು ಭಾಗ ಇನ್ನೊಬ್ಬರ ಬಳಿ ಉಳಿಯಿತು. 2014ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ ಒಂದು ಕೋಟಿ ಪೌಂಡ್ ದಾಟಿತು, ಆಮೇಲೂ ವ್ಯಾಜ್ಯ ನಡೆಯಿತು. ಗುರುತು ಬೇರೆ, ಹಕ್ಕು ಬೇರೆ ಎಂಬುದಕ್ಕೆ ಇದನ್ನು ಬರೆಯಿರಿ.

ಮಸೆರಾಟಿ 250ಎಫ್: ಕಾರ್ಖಾನೆ ನಂಬರ್ ಬದಲಿಸಿದ್ದಕ್ಕೆ ಹೆಸರಾದ ಮಾದರಿ. 1957ರಲ್ಲಿ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ ರೇಸ್ ಚಾಲಕ ಫಾಂಜಿಯೊ ತಮ್ಮ ಐದನೇ ವಿಶ್ವ ಪಟ್ಟ ಗೆದ್ದದ್ದು 2529 ನಂಬರಿನ ಕಾರಿನಲ್ಲಿ. ನಂತರ ಇಂಗ್ಲೆಂಡಿನಲ್ಲಿ ಕಟ್ಟಿದ ಪ್ರತಿಗಳಿಗೆ ‘ಸಿಎಂ’ ನಂಬರ್ ಹಾಕಿದರು. ಪ್ರತಿ ಎಂದು ಹೇಳಿಯೇ ಕಟ್ಟಿದ ಕಾರಿನಿಂದ ಯಾರಿಗೂ ಮೋಸವಿಲ್ಲ.

ನಮ್ಮ ಕಾಯ್ದೆ

– ಮೋಟಾರು ವಾಹನ ಕಾಯ್ದೆಗಳು: 1914, 1939, 1988. ಕೊನೆಯದು 1 ಜುಲೈ 1989ರಿಂದ ಜಾರಿ.
– ಕಲಂ 39 ನೋಂದಣಿ ಕಡ್ಡಾಯ, 48 ಎನ್‌ಒಸಿ, 50 ಮಾಲೀಕತ್ವ ವರ್ಗಾವಣೆ, 52 ವಾಹನದಲ್ಲಿ ಮಾರ್ಪಾಡು.
– ಕೇಂದ್ರ ಮೋಟಾರು ವಾಹನ ನಿಯಮ 122: ಚಾಸಿಸ್, ಎಂಜಿನ್ ನಂಬರ್ ಮತ್ತು ತಯಾರಿಕೆಯ ತಿಂಗಳನ್ನು ಅಚ್ಚೊತ್ತುವುದು.
– ವಿಂಟೇಜ್ ನಿಯಮ, ಜುಲೈ 2021: 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಎರಡು ಮತ್ತು ನಾಲ್ಕು ಚಕ್ರದ ವಾಹನ. ಚಾಸಿಸ್, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿ 5,000 ರೂಪಾಯಿ. ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’, ಆಮೇಲೆ ಎರಡಕ್ಷರದ ಸರಣಿ, ನಾಲ್ಕು ಅಂಕಿ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗೆ ಇಳಿಸಬಹುದು.

ಈ ನಿಯಮದ ಬಗ್ಗೆ ಒಂದು ಮಾತು. ‘ಗಣನೀಯವಾಗಿ ಬದಲಾಗಿರಬಾರದು’ ಎಂಬ ಷರತ್ತನ್ನು ಅಕ್ಷರಶಃ ಹಿಡಿದರೆ ಮೇಲಿನ ರೇಸ್ ಕಾರುಗಳಲ್ಲಿ ಬಹುಪಾಲು ಅನರ್ಹ. ಸಂದರ್ಶನದಲ್ಲಿ ಕೇಳಿದರೆ ಓಲ್ಡ್ ನಂಬರ್ ಒನ್ ತೀರ್ಪನ್ನು ಎತ್ತಿ ಹೇಳಿ.

ಧಾರವಾಡ ಜಿಲ್ಲೆಯಲ್ಲಿ ಹುಡುಕುವಾಗ

ಧಾರವಾಡ 1 ನವೆಂಬರ್ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು, ನಂತರ ಮೈಸೂರು ರಾಜ್ಯ, 1 ನವೆಂಬರ್ 1973ರಿಂದ ಕರ್ನಾಟಕ. 1997ರಲ್ಲಿ ಗದಗ, ಹಾವೇರಿ ಬೇರೆಯಾದವು. ಈಗ ಧಾರವಾಡದ್ದು ಕೆಎ 25, ಹುಬ್ಬಳ್ಳಿಯದು ಕೆಎ 63. ಆದ್ದರಿಂದ 1954–56ರಲ್ಲಿ ಇಲ್ಲಿ ಕೊಂಡ ಫಿಯಟ್‌ನ ಮೊದಲ ಕಾಗದ ಮುಂಬೈ ರಾಜ್ಯದ ಕಾಲದ್ದು. ಮನೆಯ ಟ್ರಂಕಿನಲ್ಲಿ ಹಳೇ ಆರ್‌ಸಿ ಬುಕ್, ತೆರಿಗೆ ರಸೀದಿ, ವಿಮೆಯ ಕಾಗದ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮದುವೆ ಮೆರವಣಿಗೆಯ ಫೋಟೊದಲ್ಲಿ ಕಾರಿನ ಪ್ಲೇಟ್ ಕಂಡರೆ ಅದರ ಹಿಂದೆ ಇಸವಿ, ಊರು ಬರೆದಿಡಿ.

ಹಳೇ ಕಾರುಗಳನ್ನು ಕಣ್ಣಾರೆ ನೋಡಲು ರಾಜ್ಯದಲ್ಲಿ ಎರಡು ಜಾಗ: ಧರ್ಮಸ್ಥಳದ ಕಾರ್ ಮ್ಯೂಸಿಯಂ, ಮತ್ತು ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದಿಂದ 2023ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ತೆರೆದ ‘ಪಯಣ’.

ಗೊಂದಲವಾಗುವ ಜೋಡಿಗಳು

– ಫೆರಾರಿ ಕಟ್ಟಿದ ಮೊದಲ ಕಾರು 815 (1940). ಫೆರಾರಿ ಹೆಸರಿನ ಮೊದಲ ಕಾರು 125 ಎಸ್ (1947).
– ಮಸೆರಾಟಿ ಹುಟ್ಟಿದ್ದು ಬೊಲೊನ್ಯಾದಲ್ಲಿ, 1914. ಒರ್ಸಿ ಕುಟುಂಬ ಕೊಂಡದ್ದು 1937, ಆಮೇಲೆ ಮೊಡೆನಾ.
– ಆಲ್ಫಾ 1910ರಲ್ಲಿ ಮಿಲಾನ್‌ನಲ್ಲಿ. ನಿಕೋಲಾ ರೋಮಿಯೊ ಬಂದದ್ದು 1915.
– ಹಳೆಯದು ಎನ್ನಲು 30 ವರ್ಷ ಎಫ್‌ಐವಿಎಗೆ, 50 ವರ್ಷ ನಮ್ಮ ವಿಂಟೇಜ್ ನಿಯಮಕ್ಕೆ, 100 ವರ್ಷ 1972ರ ಪುರಾತನ ವಸ್ತುಗಳ ಕಾಯ್ದೆಗೆ.